ಹಾಡು ನಮ್ಮದು, ದುಡ್ಡು ಯಾರದ್ದು?

ಹೋದ ರಜೆಯಲ್ಲಿ ಘಟ್ಟ ಇಳಿದು ಊರಿಗೆ ಹೋಗಿದ್ದಾಗ ಹಳೇ ವಿದ್ಯಾರ್ಥಿಯೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. "ಉಸ್ತಾದ್, ನನ್ನ ಬ್ಯಾರಿ ಹಾಡನ್ನು ಯೂಟ್ಯೂಬ್‌ನಲ್ಲಿ ಒಂದು ಲಕ್ಷ ಸಲ ನೋಡಿದ್ದಾರೆ. ನನಗೆ ಒಂದು ರೂಪಾಯಿ ಬಂದಿಲ್ಲ" ಅಂದ. ಹಾಡು ಚೆನ್ನಾಗಿಯೇ ಇತ್ತು. ಆದರೆ ಟ್ಯೂನ್ ಹಳೇ ಹಿಂದಿ ಸಿನಿಮಾದ್ದು, ಹಿನ್ನೆಲೆಯ ಕರೋಕೆ ಟ್ರ್ಯಾಕ್ ಎಲ್ಲಿಂದಲೋ ಇಳಿಸಿಕೊಂಡದ್ದು.

ನಮ್ಮ ಹುಡುಗರಿಗೆ ಗೊತ್ತಿಲ್ಲದ ವಿಷಯ ಇದೇ. ಯೂಟ್ಯೂಬ್‌ನಲ್ಲಿ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಇದೆ. ದೊಡ್ಡ ಆಡಿಯೋ ಕಂಪನಿಗಳು ತಮ್ಮ ಹಾಡುಗಳನ್ನು ಅದರಲ್ಲಿ ಇಟ್ಟಿರುತ್ತವೆ. ನಾವು ಹಾಕಿದ ಹಾಡು ಅದಕ್ಕೆ ಹೊಂದಿತೋ, ಕಂಪನಿ ಹಾಡನ್ನು ತಡೆಯಬಹುದು. ಇಲ್ಲವೇ ಹಾಗೇ ಬಿಟ್ಟು ಜಾಹೀರಾತಿನ ಹಣವನ್ನು ತಾನು ತೆಗೆದುಕೊಳ್ಳಬಹುದು. ಸಾಹಿತ್ಯ ಬ್ಯಾರಿಯದ್ದೇ ಇರಲಿ, ದನಿ ನಮ್ಮದೇ ಇರಲಿ, ಟ್ಯೂನ್ ಅವರದ್ದು. ಮದುವೆ ಮನೆಯ ಸ್ಟೇಜಿನಲ್ಲಿ ಇದನ್ನು ಯಾರೂ ಕೇಳುತ್ತಿರಲಿಲ್ಲ. ಕ್ಯಾಸೆಟ್ ಕಾಲದಿಂದಲೂ ಸಿನಿಮಾ ಟ್ಯೂನಿಗೆ ನಮ್ಮ ಮಾತು ಕೂರಿಸುವುದು ನಡೆದುಬಂದಿದೆ. ಆ ಅಭ್ಯಾಸವೇ ಈಗ ಕುತ್ತು.

ಈತ ಇನ್ನೊಂದು ಎಡವಟ್ಟು ಮಾಡಿದ್ದ. "ವ್ಯೂಸ್ ಏರಿಸಿ ಕೊಡ್ತೇವೆ" ಅಂದ ಯಾರಿಗೋ 3,000 ರೂಪಾಯಿ ಕೊಟ್ಟಿದ್ದ. ಹಾಗೆ ಏರಿಸಿದ ಲೆಕ್ಕಕ್ಕೆ ದುಡ್ಡೂ ಇಲ್ಲ, ಸಿಕ್ಕಿಬಿದ್ದರೆ ಚಾನೆಲ್ಲೇ ಹೋಗುತ್ತದೆ. ನಿಯಮದಂತೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ಸ್ಪಾಟಿಫೈ ಕೂಡ 2024ರಿಂದ ವರ್ಷಕ್ಕೆ 1,000 ಸಲ ಕೇಳದ ಹಾಡಿಗೆ ಏನೂ ಕೊಡುವುದಿಲ್ಲ. ಬ್ಯಾರಿಯಂಥ ಸಣ್ಣ ಭಾಷೆಗೆ ಇದೇನು ಸುಲಭವಲ್ಲ.

ಹಾಗಾದರೆ ಟ್ಯೂನಿಗೆ ಎಲ್ಲಿಗೆ ಹೋಗುವುದು? ದಫ್, ಕೋಲ್ಕಳಿ, ಒಪ್ಪನೆಯ ಹಳೇ ಧಾಟಿಗಳಿವೆಯಲ್ಲ! ಮಾಪಿಳ್ಳ ಹಾಡಿನ ದೊಡ್ಡ ಕವಿ ಮೊಯಿನ್‌ಕುಟ್ಟಿ ವೈದ್ಯರ್ ತೀರಿಕೊಂಡದ್ದು 1892ರಲ್ಲಿ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡು 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಅಂಥ ಹಾಡು ಎಲ್ಲರದ್ದು. ಆದರೆ ಅದನ್ನೇ ಈಚೆಗೆ ಯಾರೋ ಹಾಡಿಸಿ ಮಾಡಿದ ರೆಕಾರ್ಡಿಂಗ್ ಎಲ್ಲರದ್ದಲ್ಲ, ಅದನ್ನು ಎತ್ತಿಕೊಳ್ಳಬಾರದು, ನಾವೇ ಹಾಡಬೇಕು. 1889ರಲ್ಲಿ ತೀರಿಹೋದ ಶಿಶುನಾಳ ಶರೀಫರ ಪದವನ್ನು ರಘು ದೀಕ್ಷಿತ್ ತಮ್ಮದೇ ರೀತಿಯಲ್ಲಿ ಹಾಡಿ 2008ರ ಆಲ್ಬಮ್‌ನಲ್ಲಿ ತಂದರು. ಯಾವ ಸಿನಿಮಾದ ಹಂಗೂ ಇರಲಿಲ್ಲ. ಹಾಗೇ, ಸ್ವಂತವಾಗಿ ಸಾಹಿತ್ಯ ಬರೆದವರು, ಸಂಗೀತ ಕೂಡಿಸಿದವರು ಹಕ್ಕನ್ನು ಕಂಪನಿಗೆ ಕೊಟ್ಟಮೇಲೂ ರಾಯಲ್ಟಿಯಲ್ಲಿ ಸಮಪಾಲು ಕೇಳಬಹುದು. 2012ರ ತಿದ್ದುಪಡಿ ಅದನ್ನು ಹೇಳುತ್ತದೆ. ಸಹಿ ಹಾಕುವ ಮೊದಲು ಓದಿ ನೋಡಿ ಮಾರಾಯ್ರೇ.

ನಾವು ಓದಿಸುವ ಹರಪನಹಳ್ಳಿ ತಾಲೂಕಿನ ನೀಲಗುಂದದ ಕಡೆ ಕಷ್ಟ ಬೇರೆ ತರಹದ್ದು. ಈ ಭಾಗದಲ್ಲಿ ಮೊಹರಂ ಬಂತೆಂದರೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. (ಅದರ ಮಸಲೆ ಇಲ್ಲಿ ಬೇಡ, ನಾವು ಹಾಡಿನ ಮಾತಷ್ಟೇ ಆಡುತ್ತಿದ್ದೇವೆ.) ಟ್ಯೂನ್ ಅವರದ್ದೇ, ಮಾತೂ ಅವರದ್ದೇ. ಆದರೆ ಯಾರೋ ಮೊಬೈಲಿನಲ್ಲಿ ಹಿಡಿದು ತಮ್ಮ ಚಾನೆಲ್‌ಗೆ ಹಾಕಿಕೊಳ್ಳುತ್ತಾರೆ. ಹಿರಿಯ ಹಾಡುಗಾರರೊಬ್ಬರಿಗೆ ಅಂಥದ್ದೊಂದು ವಿಡಿಯೋ ತೋರಿಸಿದೆವು. ಪೂರ್ತಿ ನೋಡಿ, "ನನ್ ಹೆಸ್ರು ಎಲ್ಲಿ ಹಾಕ್ಯಾರ್ರೀ ಹಜ್ರತ್ರೇ?" ಅಂದರು. ನಾವು ಮೇಲೆ ಕೆಳಗೆ ಹುಡುಕಿದೆವು. ಎಲ್ಲೂ ಇರಲಿಲ್ಲ.

ಊರಿನ ಹುಡುಗನಿಗೆ ಈ ಸಂಗತಿ ಹೇಳಿದ್ದೆವು. ಆಮೇಲೆ ಅವನು ದಫ್ ತಂಡ ಕಟ್ಟಿಕೊಂಡು, ತಾನೇ ಬರೆದು ಧಾಟಿ ಹಾಕಿ ಒಂದು ಹಾಡು ಮಾಡಿದ. ಬರೆದವರು, ಹಾಡಿದವರು, ದಫ್ ಬಡಿದವರು, ಎಲ್ಲರ ಹೆಸರೂ ಶುರುವಿಗೇ ಬರುತ್ತದೆ. ಕೊನೆಗೆ ಫೋನ್ ನಂಬರ್. ಗೆಳೆಯರ ಮದುವೆಯಲ್ಲಿ ಪುಕ್ಕಟೆ ಹಾಡಿ ವಾಟ್ಸಾಪ್ ಗುಂಪುಗಳಿಗೆ ಬಿಟ್ಟ. ಮೊನ್ನೆ ಫೋನ್ ಮಾಡಿದ್ದ. "ನಾನೂರು ಸಲ ನೋಡಿದ್ದಾರೆ ಅಷ್ಟೇ ಉಸ್ತಾದ್. ಆದರೆ ಎರಡು ಮದುವೆಗೆ ಕರೆದಿದ್ದಾರೆ. ಒಬ್ಬರು ಅಡ್ವಾನ್ಸ್ ಕೊಟ್ಟಾಯ್ತು."