ದನಿ ಸೋರುವುದು ತಂತಿಯಲ್ಲಿ

2025ರ ಅಕ್ಟೋಬರ್‌ನಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಬಸ್ಸು, ಲಾರಿಗಳ ಏರ್ ಹಾರ್ನ್ ಹುಡುಕಿ ಕೀಳಲೆಂದೇ ವಿಶೇಷ ತಪಾಸಣೆ ನಡೆಸಿತು. ಸಿಕ್ಕಿಬಿದ್ದ ಹಾರ್ನ್‌ಗಳನ್ನು ಕೊಚ್ಚಿಯಲ್ಲಿ ರೋಡ್ ರೋಲರ್ ಹತ್ತಿಸಿ ಪುಡಿ ಮಾಡಲಾಯಿತು. ಅದೇ ಕೊಚ್ಚಿಯಲ್ಲಿ, ತಿರುವನಂತಪುರದಲ್ಲಿ, ಇದಕ್ಕೆ ತದ್ವಿರುದ್ಧ ಕಾಯಿಲೆಯ ವಾಹನಗಳೂ ಓಡಾಡುತ್ತಿವೆ. ಹದಿನೈದು ವರ್ಷ ದಾಟಿದ ಮಾರುತಿ 800, ಅಂಬಾಸಿಡರ್, ಹಳೆಯ ಆಟೊ. ಗುಂಡಿ ಒತ್ತಿದರೆ ಗಂಟಲು ಕಟ್ಟಿದ ಗೊರಗೊರ ಸದ್ದು. ಮುಂದೆ ಹೋಗುವವರು ತಿರುಗಿಯೂ ನೋಡುವುದಿಲ್ಲ. ಒಳಗೆ ಡ್ಯಾಶ್‌ಬೋರ್ಡಿನ ಬಜರ್ ಕೂಗಿದ್ದು ಚಾಲಕನಿಗೇ ಕೇಳಿಸುವುದಿಲ್ಲ.

ಇಂಥ ಮಾಲೀಕರಿಗೆ ಮೊದಲು ಹೊಳೆಯುವುದು ದೊಡ್ಡ ಹಾರ್ನ್ ಕೊಳ್ಳುವ ಯೋಚನೆ. ಆದರೆ ಬಹಳಷ್ಟು ಸಲ ಹಾರ್ನ್‌ನಲ್ಲಿ ದೋಷವೇ ಇರುವುದಿಲ್ಲ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ದಾರಿಯಲ್ಲೇ ಸೋರಿ, ಹಾರ್ನ್‌ಗೆ ತಲುಪುವಷ್ಟರಲ್ಲಿ ಬಡಕಲಾಗಿರುತ್ತದೆ. ಕಳೆದುಹೋದ ದನಿಯನ್ನು ಮರಳಿ ಪಡೆಯಲು ಒಂದು ಮಲ್ಟಿಮೀಟರ್, ಒಂದು ತುಂಡು ಎಮರಿ ಕಾಗದ ಮತ್ತು ಒಂದು ರಿಲೇ ಸಾಕು.

ವಿದ್ಯುತ್ ಹಾರ್ನ್‌ನ ಚರಿತ್ರೆಯಲ್ಲಿ ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಹೆಸರು ದೊಡ್ಡದು. 1908ರ ಸುಮಾರಿಗೆ ಮಾರುಕಟ್ಟೆಗೆ ಬಂದ ಕ್ಲಾಕ್ಸನ್ ಹಾರ್ನ್ ಆತನ ಸೃಷ್ಟಿ. ಅದಕ್ಕೂ ಮುಂಚೆ ವಿದ್ಯುತ್ತಿನಿಂದ ಕೆಲಸ ಮಾಡುವ ಶ್ರವಣ ಸಾಧನವನ್ನು ರೂಪಿಸಿದವನೂ ಅವನೇ. ಕ್ಲಾಕ್ಸನ್‌ನಲ್ಲಿ ಹಲ್ಲುಚಕ್ರವೊಂದು ತಿರುಗುತ್ತ ಲೋಹದ ಪೊರೆಯನ್ನು ಮೀಟುತ್ತಿತ್ತು. ಇಂದಿನ ಕಾರುಗಳ ಡಿಸ್ಕ್ ಹಾರ್ನ್‌ನಲ್ಲಿ ಚಕ್ರವಿಲ್ಲ. ತಂತಿಸುರುಳಿ, ಅದರೆದುರು ಪೊರೆಗೆ ಅಂಟಿಕೊಂಡ ಕಬ್ಬಿಣದ ತುಂಡು, ಜೊತೆಗೆ ಒಂದು ಜೋಡಿ ಕಾಂಟ್ಯಾಕ್ಟ್ ಪಾಯಿಂಟ್ ಇರುತ್ತವೆ. ಕರೆಂಟು ಹರಿದೊಡನೆ ಸುರುಳಿ ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆಯುತ್ತದೆ. ಎಳೆತಕ್ಕೆ ಪಾಯಿಂಟ್ ಬಿಟ್ಟುಕೊಂಡು ಕರೆಂಟು ನಿಲ್ಲುತ್ತದೆ, ಪೊರೆ ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟ್ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 400 ಸಲ.

ಹಾರ್ನ್ ಚುರುಕಾಗಿ ಕೇಳಿಸುವ ಗುಟ್ಟು ಈ 400 ಹರ್ಟ್ಝ್‌ನಲ್ಲಿ ಇಲ್ಲ. ಪ್ರತಿ ಎಳೆತದಲ್ಲೂ ಕಬ್ಬಿಣದ ತುಂಡು ಸುರುಳಿಯೊಳಗಿನ ತಿರುಳಿಗೆ ಟಕ್ಕನೆ ಬಡಿಯಬೇಕು. ಚೆಂಡೆಯ ಚರ್ಮದ ಮೇಲೆ ಕೋಲು ಬಿದ್ದಂತೆ, ಆ ಬಡಿತಕ್ಕೆ ಹಾರ್ನ್‌ನ ಮುಂದಿರುವ ಲೋಹದ ತಟ್ಟೆ ಕಂಪಿಸಿ 2000ದಿಂದ 3500 ಹರ್ಟ್ಝ್‌ವರೆಗಿನ ತೀಕ್ಷ್ಣ ಸ್ವರಗಳನ್ನು ಹೊಮ್ಮಿಸುತ್ತದೆ. ಮನುಷ್ಯನ ಕಿವಿಯ ನಾಳದ ಉದ್ದ ಸುಮಾರು 2.5 ಸೆಂಟಿಮೀಟರ್. ಅಷ್ಟುದ್ದದ ಕೊಳವೆ ಅನುರಣಿಸುವುದು ಹೆಚ್ಚು ಕಡಿಮೆ ಇದೇ ಆವರ್ತನಗಳಿಗೆ. ಹಾಗಾಗಿ ಎಂಜಿನ್ನಿನ ಗುಡುಗಿನ ನಡುವೆಯೂ ಹಾರ್ನ್ ಕಿವಿಗೆ ನಾಟುತ್ತದೆ.

ಈಗ ಒಂದು ಲೆಕ್ಕ. ಸಾಮಾನ್ಯ ಹಾರ್ನ್ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲೊಂದು ಕೊಳಕು ಜೋಡಣೆ ಬರೀ ಅರ್ಧ ಓಮ್ ರೋಧ ಒಡ್ಡಿದರೂ 2 ವೋಲ್ಟ್ ಅಲ್ಲೇ ನಷ್ಟ. 12 ವೋಲ್ಟಿನ ಹಾರ್ನ್‌ಗೆ ಸಿಗುವುದು 10. ಶಕ್ತಿಯ ಲೆಕ್ಕದಲ್ಲಿ ಸುಮಾರು ಶೇ 30ರಷ್ಟು ಕಡಿತ. ಡೆಸಿಬೆಲ್‌ನಲ್ಲಿ ಇದು ಚಿಕ್ಕ ಇಳಿಕೆ. ಆದರೆ ಎಳೆತ ಕುಗ್ಗಿ ಕಬ್ಬಿಣದ ತುಂಡು ತಿರುಳಿಗೆ ಬಡಿಯುವುದೇ ನಿಂತರೆ ತೀಕ್ಷ್ಣ ಸ್ವರಗಳು ಪೂರ್ತಿ ಮಾಯವಾಗುತ್ತವೆ. ಉಳಿಯುವುದು ಆ ಗೊರಗೊರ.

ಕೊಳಕು ಜೋಡಣೆಗೆ ಅರಬ್ಬೀ ಕಡಲ ತೀರಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಕೊಚ್ಚಿಯಿರಲಿ, ತಿರುವನಂತಪುರವಿರಲಿ, ಮಂಗಳೂರು ಕಾಸರಗೋಡುಗಳಿರಲಿ, ಗಾಳಿಯಲ್ಲಿ ಉಪ್ಪಿದೆ, ವರ್ಷದ ಬಹುಪಾಲು ತೇವವಿದೆ, ಜೂನ್‌ನಿಂದ ಮಳೆಯ ಎರಚಲು ನೇರವಾಗಿ ಗ್ರಿಲ್ಲಿನೊಳಗೆ ನುಗ್ಗುತ್ತದೆ. ಹಾರ್ನ್ ಕೂತಿರುವುದೂ ಅಲ್ಲೇ. ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ವಾಹನದ ಲೋಹದ ಮೈಗೆ ಅರ್ಥ್ ಕೊಟ್ಟ ಬೋಲ್ಟಿನ ಅಡಿ ತುಕ್ಕು ಪದರಗಟ್ಟುತ್ತದೆ. ಎರಡೂ ವಿದ್ಯುತ್ತಿಗೆ ಅಡ್ಡಗೋಡೆಗಳೇ.

ಪತ್ತೆ ಹಚ್ಚುವುದು ಸುಲಭ. ಮಲ್ಟಿಮೀಟರನ್ನು 20 ವೋಲ್ಟಿನ ಡಿಸಿ ಅಳತೆಗೆ ತಿರುಗಿಸಿ ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ಹಿಡಿಯಬೇಕು. ಎಂಜಿನ್ ನಿಂತಿದ್ದರೆ ಸುಮಾರು 12.6 ಬರುತ್ತದೆ. ನಂತರ ಇನ್ನೊಬ್ಬರು ಹಾರ್ನ್ ಒತ್ತಿ ಹಿಡಿದಿರುವಾಗ ಹಾರ್ನ್‌ನ ಎರಡು ಟರ್ಮಿನಲ್‌ಗಳ ನಡುವೆ ಅಳೆಯಬೇಕು. ಹಾರ್ನ್‌ನಿಂದ ತಂತಿ ಕಳಚಿ ಅಳೆದರೆ ಸುಳ್ಳು ಸಮಾಧಾನ ಸಿಗುತ್ತದೆ, ಏಕೆಂದರೆ ಕರೆಂಟು ಹರಿಯದಿದ್ದಾಗ ಕಿಲುಬಿನಲ್ಲಿ ವೋಲ್ಟೇಜ್ ಇಳಿಯುವುದೇ ಇಲ್ಲ. ಎರಡು ಅಳತೆಗಳ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಕಳ್ಳ ತಂತಿಯಲ್ಲೇ ಇದ್ದಾನೆ. ಹಾರ್ನ್‌ನ ಅರ್ಥ್ ಬದಿಯಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಅಳೆದಾಗ ಅರ್ಧ ವೋಲ್ಟ್ ತೋರಿದರೆ ಅರ್ಥ್ ಬೋಲ್ಟೇ ಅಪರಾಧಿ.

ಮದ್ದೂ ಸರಳ. ಬ್ಯಾಟರಿಯ ನೆಗೆಟಿವ್ ಕಳಚಿ, ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಬೇಕು. ಕಿಲುಬು ಹಿಡಿದ ತಂತಿಯ ತುದಿಯನ್ನು ಕತ್ತರಿಸಿ, ಕೆಂಪು ತಾಮ್ರ ಕಾಣುವಲ್ಲಿಂದ ಹೊಸ ಲಗ್ ಒತ್ತಬೇಕು. ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಉಪ್ಪುಗಾಳಿ ಸುಲಭಕ್ಕೆ ಒಳಹೊಗುವುದಿಲ್ಲ. ಬಸವನಹುಳು ಆಕಾರದ ಹಾರ್ನ್ ಇದ್ದರೆ ಬಾಯಿಯೊಳಗೂ ಟಾರ್ಚ್ ಬಿಟ್ಟು ನೋಡಬೇಕು. ಒಣಗಿದ ಕೆಸರು, ಎಲೆ, ಕೆಲವೊಮ್ಮೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು ಅಲ್ಲಿ ದನಿಯ ದಾರಿ ಮುಚ್ಚಿರುತ್ತದೆ. ಬಾಯಿ ಕೆಳಮುಖವಾಗಿದ್ದರೆ ನೀರು ನಿಲ್ಲುವುದಿಲ್ಲ.

ಎರಡನೆಯ ಚಿಕಿತ್ಸೆ ರಿಲೇ. ಹಳೆಯ ಕೆಲವು ವಾಹನಗಳಲ್ಲಿ ಹಾರ್ನ್‌ನ ಪೂರ್ತಿ ಕರೆಂಟು ಸ್ಟೀರಿಂಗಿನ ಸವೆದ ಗುಂಡಿಯ ಮೂಲಕವೇ ಹಾಯುತ್ತದೆ. ರಿಲೇ ಹಾಕಿದರೆ ಗುಂಡಿಯ ಮೂಲಕ ಹರಿಯುವುದು ಅಲ್ಪ ಕರೆಂಟು ಮಾತ್ರ. ಭಾರದ ಕರೆಂಟು ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರ ಹಾರ್ನ್‌ಗೆ ಹೋಗುತ್ತದೆ. ರಿಲೇಯ ತಳದಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ: 30 ಬ್ಯಾಟರಿಗೆ, 87 ಹಾರ್ನ್‌ಗೆ, 85 ಮತ್ತು 86 ಗುಂಡಿಯ ಸರ್ಕ್ಯೂಟಿಗೆ. 30ಕ್ಕೆ ಹೋಗುವ ತಂತಿಯಲ್ಲಿ, ಬ್ಯಾಟರಿಗೆ ತೀರ ಹತ್ತಿರದಲ್ಲೇ ಫ್ಯೂಸ್ ಇರಲೇಬೇಕು. ಜೋಡಿ ಹಾರ್ನ್‌ಗೆ 15 ಆಂಪಿಯರಿನದು ಸಾಕು. ಫ್ಯೂಸ್ ಇಲ್ಲದ ತಂತಿ ಎಲ್ಲಾದರೂ ವಾಹನದ ಲೋಹದ ಮೈಗೆ ಉಜ್ಜಿದರೆ ಕಾರಿಗೇ ಬೆಂಕಿ ಹತ್ತಬಹುದು. ಬೇಕಾದ ರಿಲೇ, ಸಾಕೆಟ್ಟುಗಳು ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಕೊಚ್ಚಿಯವರು ಹಳೆ ಬಿಡಿಭಾಗಗಳಿಗೆ ಪುಲ್ಲೇಪಡಿಯತ್ತ ಹೋಗುತ್ತಾರೆ.

ಇಷ್ಟಾದರೂ ದನಿ ಒರಟಾಗಿದ್ದರೆ ಹಾರ್ನ್‌ನ ಬೆನ್ನಿನಲ್ಲಿರುವ ಪುಟ್ಟ ಸ್ಕ್ರೂ ನೋಡಬಹುದು. ಅದು ಪಾಯಿಂಟ್‌ಗಳ ಅಂತರ ಹೊಂದಿಸುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕ್ಷಣಮಾತ್ರ ಒತ್ತಿ ಕೇಳಿ, ದನಿ ತಿಳಿಯಾದಲ್ಲಿಗೆ ಬಿಡಬೇಕು. ಕಿವಿಗೆ ಇಯರ್‌ಪ್ಲಗ್ ಹಾಕದೆ ಈ ಕೆಲಸ ಮಾಡಬಾರದು. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದ ಕಿವಿಗೆ 100 ಡೆಸಿಬೆಲ್‌ನಲ್ಲಿ ಹದಿನೈದು ನಿಮಿಷದ ಗಡುವು ಮಾತ್ರ, ಮತ್ತು ಒಂದು ಮೊಳ ದೂರದಲ್ಲಿ ಹಾರ್ನ್ ಅದಕ್ಕೂ ಮೇಲೆಯೇ ಇರುತ್ತದೆ.

ಇನ್ನೊಂದು ಹಾರ್ನ್ ಸೇರಿಸಿದರೆ ಸದ್ದು ಇಮ್ಮಡಿಯಾಗುವುದಿಲ್ಲವೇ? ಇಲ್ಲ. ಒಂದೇ ಬಗೆಯ ಎರಡು ಹಾರ್ನ್‌ಗಳಿಂದ ಸಿಗುವುದು 3 ಡೆಸಿಬೆಲ್ ಹೆಚ್ಚಳ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಹಾರ್ನ್.

ಕಾರಿನೊಳಗಿನ ಸದ್ದುಗಳ ಕಥೆ ಬೇರೆ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಸೀಟ್ ಬೆಲ್ಟ್ ನೆನಪಿಸುವ, 80 ಕಿಲೋಮೀಟರ್ ವೇಗ ದಾಟಿದಾಗ ಎಚ್ಚರಿಸುವ ಸದ್ದುಗಳು ಕಡ್ಡಾಯ. ಅದಕ್ಕೂ ಹಳೆಯ ಕಾರಿನ ಮಾಲೀಕರು ಹೊರಗಿನಿಂದ ತಂದ ಬಜರ್, ರಿವರ್ಸ್ ಸೆನ್ಸರ್ ಕೂರಿಸಿಕೊಳ್ಳುತ್ತಾರೆ. ಇವುಗಳ ಪೀಜೊ ಬಜರ್ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಡಬ್ಬಿ. ನಡುವೆ ಒಂದು ರಂಧ್ರ. ಕಾರ್ಖಾನೆಯಲ್ಲಿ ಬೋರ್ಡು ತೊಳೆಯುವಾಗ ನೀರು ಹೋಗದಿರಲೆಂದು ಆ ರಂಧ್ರಕ್ಕೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ತೊಳೆದ ಮೇಲೆ ತೆಗೆಯಿರಿ ಎಂದು ಅದರ ಮೇಲೇ ಬರೆದಿದ್ದರೂ ಅದು ಹಾಗೇ ಉಳಿದುಬಿಡುವುದುಂಟು. ಉಗುರಿನಿಂದ ಕೆರೆದು ತೆಗೆದರೆ ದನಿ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಸ್ಟಿಕ್ಕರ್ ಇಲ್ಲದಿದ್ದರೆ, ಬಜರ್ ಸ್ಪಂಜಿನತ್ತ ಮುಖಮಾಡಿ ಕೂತಿದೆಯೇ ಎಂದು ನೋಡಿ ಚಾಲಕನತ್ತ ತಿರುಗಿಸಬೇಕು.

ಎಚ್ಚರಿಕೆಯ ಸದ್ದು ಎಷ್ಟು ಜೋರಿರಬೇಕೆಂಬುದನ್ನು ಬ್ರಿಟನ್ನಿನಲ್ಲಿ ಸಂಶೋಧಕ ರಾಯ್ ಪ್ಯಾಟರ್ಸನ್ 1982ರಲ್ಲಿ ವಿಮಾನಗಳಿಗಾಗಿ ನಿಗದಿಪಡಿಸಿದರು. ಸುತ್ತಲ ಗದ್ದಲದಲ್ಲಿ ಸದ್ದೊಂದು ಕೇಳಿಸತೊಡಗುವ ಮಟ್ಟಕ್ಕಿಂತ ಅದು ಕನಿಷ್ಠ 15 ಡೆಸಿಬೆಲ್ ಮೇಲಿರಬೇಕು, 25 ದಾಟಬಾರದು. ದಾಟಿದರೆ ಜನ ಬೆಚ್ಚುತ್ತಾರೆ, ಬೆಚ್ಚಿದವರು ತಪ್ಪುತ್ತಾರೆ. ಹೊರಗಿನ ಹಾರ್ನ್‌ಗೂ ಹೀಗೆ ಮೇಲ್ಮಿತಿಯಿದೆ. ವಿಶ್ವಸಂಸ್ಥೆಯ ನಿಯಮದಂತೆ ಕಾರಿನ ಮುಂದೆ 7 ಮೀಟರ್ ದೂರದಲ್ಲಿ ಗರಿಷ್ಠ 112 ಡೆಸಿಬೆಲ್. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಬಹುಸ್ವರದ, ಕರ್ಕಶ ಹಾರ್ನ್‌ಗಳನ್ನು ನಿಷೇಧಿಸುತ್ತದೆ. ಅನಗತ್ಯವಾಗಿ ಹಾರ್ನ್ ಬಾರಿಸಿದರೆ ಮೊದಲ ಸಲ 1000, ಮತ್ತೆ ಸಿಕ್ಕರೆ 2000 ರೂಪಾಯಿ ದಂಡ. ಸದ್ದಿನ ವಿರುದ್ಧ ಕೇರಳದ ವೈದ್ಯರು ದನಿಯೆತ್ತಿರುವುದೂ ಸುಮ್ಮನಲ್ಲ. ಗದ್ದಲದಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಝ್ ಆಸುಪಾಸಿನ ಸ್ವರಗಳನ್ನು.

ಬಹುತೇಕ ಪೀಜೊ ಬಜರ್‌ಗಳು ಕೂಗುವುದು ಆ 4000 ಹರ್ಟ್ಝ್‌ಗೆ ಹತ್ತಿರದಲ್ಲಿ. ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಕೇಳಿಸುವ ಬೀಪ್ ಚಾಲಕ ಅಜ್ಜನಿಗೆ ಕೇಳಿಸದಿದ್ದರೆ ವೋಲ್ಟೇಜ್ ಏರಿಸಿ ಉಪಯೋಗವಿಲ್ಲ. 1000 ಹರ್ಟ್ಝ್ ಸುತ್ತಮುತ್ತಲಿನ, ಏರಿಳಿವ ದನಿಯ ಬಜರ್ ಹಾಕಬೇಕು, ಜೊತೆಗೊಂದು ದೀಪ ಇಡಬೇಕು. 1997ರಲ್ಲಿ ಆರಂಭವಾದ, ತಿರುವನಂತಪುರದ ಆಕ್ಕುಳಂನಲ್ಲಿರುವ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂಬುದನ್ನು ಅಳೆದು ರೇಖಾಚಿತ್ರ ಬರೆದುಕೊಡುತ್ತಾರೆ. ಬಜರ್ ಕೊಳ್ಳಲು ಹೊರಡುವ ಹಿರಿಯ ಚಾಲಕರು ಮೊದಲು ಆ ರೇಖಾಚಿತ್ರ ಮಾಡಿಸಿಕೊಂಡರೆ, ಯಾವ ಆವರ್ತನದ ಬಜರ್ ಬೇಕೆಂದು ಅಂಗಡಿಯವನಿಗೆ ಸಂಖ್ಯೆಯಲ್ಲೇ ಹೇಳಬಹುದು.