ದಿನ ತುಂಬದೆ ಹುಟ್ಟಿದ ಮಗುವಿನ ನೆನಪಿನ ಶಕ್ತಿ



ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಹೆಂಗಸರ ಗರ್ಭಾವಧಿಯೂ ಹೆಚ್ಚುಕಡಿಮೆ ಅಷ್ಟೇ. ದಿನ ತುಂಬದೆ ಹುಟ್ಟಿದ ಕರುವಿಗೆ ಏನು ಮಾಡಬೇಕೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಮೈ ಒರೆಸಿ, ಒಣಹುಲ್ಲಿನ ಮೇಲೆ ಬೆಚ್ಚಗೆ ಮಲಗಿಸಿ, ಗಿಣ್ಣುಹಾಲನ್ನು ಸ್ವಲ್ಪಸ್ವಲ್ಪವೇ ಕುಡಿಸುತ್ತೀರಿ. ಆದರೆ ಹಾಗೆ ಹುಟ್ಟಿದ ಮಗು ಏಳೆಂಟು ವರ್ಷಕ್ಕೆ ಶಾಲೆಯಲ್ಲಿ ಹಿಂದೆ ಬಿದ್ದರೆ, ಅದಕ್ಕೂ ಹುಟ್ಟಿಗೂ ಸಂಬಂಧ ಇರಬಹುದೆಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಸೋಮಾರಿ ಎಂದು ಬೈಯುತ್ತೇವೆ, ಎರಡು ಏಟೂ ಹಾಕುತ್ತೇವೆ. ಪಶುವೈದ್ಯನಾದ ನಾನು ಈ ವಿಷಯ ಬರೆಯುತ್ತಿರುವುದು ಅದಕ್ಕಾಗಿಯೇ.

ಕರು ಹುಟ್ಟಿದ ಒಂದೆರಡು ಗಂಟೆಯಲ್ಲಿ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಅದರ ಮೆದುಳು ಬಹುಪಾಲು ಬೆಳೆದೇ ಹೊರಗೆ ಬರುತ್ತದೆ. ಮನುಷ್ಯರ ಮಗು ಹಾಗಲ್ಲ. ಗರ್ಭದ ಕೊನೆಯ ವಾರಗಳಲ್ಲಿ ಅದರ ಮೆದುಳು ಬಹಳ ವೇಗವಾಗಿ ಬೆಳೆಯುತ್ತಿರುತ್ತದೆ. 34ನೇ ವಾರದಲ್ಲಿ ಮೆದುಳಿನ ತೂಕ, ದಿನ ತುಂಬಿದ ಮಗುವಿನ ಮೆದುಳಿನ ಸುಮಾರು ಮೂರನೇ ಎರಡು ಭಾಗ ಮಾತ್ರ. ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ನರತಂತುಗಳ ಜೋಡಣೆಯೂ ಆಗ ಮುಗಿದಿರುವುದಿಲ್ಲ. 37 ವಾರಕ್ಕೆ ಮೊದಲು ಹುಟ್ಟಿದರೆ ಅವಧಿಪೂರ್ವ ಶಿಶು ಎನ್ನುತ್ತಾರೆ. 32 ವಾರಕ್ಕೂ ಮೊದಲು ಹುಟ್ಟಿದ ಮಕ್ಕಳಲ್ಲಿ ಈ ತಂತುಗಳಿಗೆ ಪೆಟ್ಟು ಬೀಳುವ ಸಂಭವ ಹೆಚ್ಚು.

ಇದರ ಪರಿಣಾಮ ಹಲವು ಮಕ್ಕಳಲ್ಲಿ ಕಾಣುವುದು 'ಕೆಲಸದ ನೆನಪಿ'ನಲ್ಲಿ. ಹಾಗೆಂದರೇನು? ಯಂತ್ರ ಬರುವ ಮೊದಲು ಸಂಘದಲ್ಲಿ ಪರೀಕ್ಷಕರು ಫ್ಯಾಟ್ ಇಷ್ಟು, ಡಿಗ್ರಿ ಇಷ್ಟು ಎಂದು ಕೂಗುತ್ತಿದ್ದರು. ಪುಸ್ತಕದಲ್ಲಿ ಬರೆಯುವವರೆಗೆ ಕಾರ್ಯದರ್ಶಿ ಅದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಆ ಹಿಡಿತವೇ ಕೆಲಸದ ನೆನಪು. ಬಾಯಿಲೆಕ್ಕ ಮಾಡುವಾಗ, ಉಕ್ತಲೇಖನ ಬರೆಯುವಾಗ ಮಗುವಿಗೆ ಬೇಕಾಗುವುದು ಇದೇ.

"ಬಾವಿಕಟ್ಟೆಯಿಂದ ಕೊಡಪಾನ ತಾ, ಕರುವಿಗೆ ಹುಲ್ಲು ಹಾಕು, ಬರುವಾಗ ಪಾಸ್‌ಪುಸ್ತಕ ತೆಗೆದುಕೊಂಡು ಬಾ" ಎಂದರೆ ಇಂಥ ಮಗು ಕೊಡಪಾನ ತಂದಿಟ್ಟು ಸುಮ್ಮನೆ ನಿಲ್ಲುತ್ತದೆ. ಅದೇ ಮಗುವಿಗೆ ಕೊಟ್ಟಿಗೆಯ ಎಲ್ಲ ದನಗಳ ಹೆಸರು, ಹೋದ ವರ್ಷದ ಜಾತ್ರೆಯಲ್ಲಿ ಏನೇನು ಕೊಂಡೆವೆಂಬುದು ಚೆನ್ನಾಗಿ ನೆನಪಿರುತ್ತದೆ. "ಬೇಕಾದ್ದೆಲ್ಲ ನೆನಪಿರುತ್ತದೆ, ಹೇಳಿದ ಕೆಲಸ ಮಾತ್ರ ಮರೆಯುತ್ತದೆ" ಎಂದು ಮನೆಯವರಿಗೆ ಸಿಟ್ಟು ಬರುವುದು ಇಲ್ಲಿಯೇ. ಅದು ಬೇರೆ ನೆನಪು, ಇದು ಬೇರೆ.

ಅವಧಿಗೆ ಮೊದಲು ಹುಟ್ಟಿದವರೆಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೇಳಿದ್ದನ್ನು ಮಗುವಿನ ಬಾಯಿಂದಲೇ ಒಮ್ಮೆ ಹೇಳಿಸಿ. ಲೆಕ್ಕವನ್ನು ಅಡಿಕೆ, ಹುಣಸೆಬೀಜ ಇಟ್ಟು ಮಾಡಿಸಿ. ಮಗು ಎಷ್ಟು ತಿಂಗಳಿಗೆ ಹುಟ್ಟಿತೆಂಬುದನ್ನು ಮೇಷ್ಟರಿಗೆ ಅವಶ್ಯ ತಿಳಿಸಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದಾಗಲೂ ಹೇಳಿ.

ಹುಟ್ಟಿದ ದಿನಗಳ ಆರೈಕೆ ಇನ್ನೂ ಮುಖ್ಯ. ತಾಯಿಯ ಬರಿ ಎದೆಗೆ ಮಗುವನ್ನು ಒರಗಿಸಿ, ಮೇಲೆ ಬಟ್ಟೆ ಕಟ್ಟಿ ಬೆಚ್ಚಗಿಡುವುದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ದಿನಕ್ಕೆ ಕನಿಷ್ಠ 8 ಗಂಟೆ, ಹುಟ್ಟಿದ ಕೂಡಲೇ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಂದೆಯೂ, ಅಜ್ಜಿಯೂ ಹೀಗೆ ಎತ್ತಿಕೊಳ್ಳಬಹುದು. ಆಗುಂಬೆ, ನಿಟ್ಟೂರು ಕಡೆಯಿಂದ ಮಳೆಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಟಾಗ, ವೈದ್ಯರು ಒಪ್ಪಿದರೆ, ದಾರಿಯುದ್ದಕ್ಕೂ ಮಗು ಎದೆಯ ಮೇಲೆಯೇ ಇರಲಿ. ನಮ್ಮ ಮಲೆನಾಡಿನ ಎಣ್ಣೆ-ಬಿಸಿನೀರಿನ ಸ್ನಾನವನ್ನು ವೈದ್ಯರು ಹೇಳುವವರೆಗೆ ಮುಂದಕ್ಕೆ ಹಾಕಿ. ಬಾಣಂತಿ ಕೋಣೆಯಲ್ಲಿ ಕೆಂಡದ ಹೊಗೆ ಬೇಡ. ಹಿರಿಯರಿಗೆ ಇದು ರುಚಿಸದು, ಆದರೂ ಹೇಳಲೇಬೇಕು.

ಅವಧಿಗೆ ಮುನ್ನ ಹೆರಿಗೆಯಾಗಲು ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಕೊಟ್ಟಿಗೆಯಲ್ಲೇ ಇರಬಹುದು. ಹಸುಗಳು ಕಂದು ಹಾಕುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ. ಗರ್ಭಿಣಿಗೆ ತಗುಲಿದರೆ ಗರ್ಭಪಾತವೋ ಅಕಾಲ ಹೆರಿಗೆಯೋ ಆಗಬಹುದು. ಕಂದು ಹಾಕಿದ ಹಸುವಿನ ಮಾಸನ್ನು, ಸತ್ತ ಕರುವನ್ನು ಗರ್ಭಿಣಿಯರು ಮುಟ್ಟಕೂಡದು. ಬೇರೆಯವರು ಕೈಗವಸು ಹಾಕಿಕೊಂಡು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಸಿ ಹಾಲು ಯಾರೂ ಕುಡಿಯಬಾರದು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಮಾತ್ರ ಈ ರೋಗದ ಲಸಿಕೆ ಹಾಕಲಾಗುತ್ತದೆ. ಆ ವಯಸ್ಸಿನ ಕರುಗಳಿದ್ದವರು ಸಂಘದಲ್ಲಿ ಹೆಸರು ಬರೆಸಿ.