ನಕ್ಷೆಗೆ ಕಾಣದ ಬರೆ

ಕೊಡಗಿನ ಹಳೆಯ ಕಾಫಿ ತೋಟಗಳಲ್ಲಿ ಮನೆಯಂಗಳದ ಮಳೆಮಾಪಕಕ್ಕೆ ಇಂದಿಗೂ ಮರ್ಯಾದೆಯಿದೆ. ಬೆಳಿಗ್ಗೆ ಅದರ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆದಿಡುವುದು ಬೆಳೆಗಾರರ ರೂಢಿ. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಮಳೆಗಾಲದ ಕಕ್ಕಡ ತಿಂಗಳಲ್ಲಿ ಎಷ್ಟು ಸುರಿಯಿತು ಎಂಬ ಲೆಕ್ಕ ಅಜ್ಜನ ಕಾಲದಿಂದಲೂ ಸಿಗುವ ಮನೆಗಳಿವೆ. ಮಳೆಯನ್ನು ಇಷ್ಟು ಬಲ್ಲ ಜಿಲ್ಲೆಯೇ 2018ರ ಆಗಸ್ಟ್‌ನಲ್ಲಿ ದಿಕ್ಕೆಟ್ಟು ನಿಂತಿತು.

ಜೋಡುಪಾಲ, ಮದೆನಾಡು, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು: ಮಡಿಕೇರಿ ಸುತ್ತಲಿನ ಊರುಗಳಲ್ಲಿ ಒಂದರ ಹಿಂದೊಂದು ಗುಡ್ಡ ಜರಿಯಿತು. ಜುಲೈನಲ್ಲಿ ಭೂಮಿ ಸಣ್ಣಗೆ ನಡುಗಿದ್ದರಿಂದ ಜನ ಅದಕ್ಕೂ ಇದಕ್ಕೂ ನಂಟು ಹಾಕಿದರು. ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದು ಎಡೆಬಿಡದ ಮಳೆಯತ್ತ, ಮನೆ–ರಸ್ತೆಗಳಿಗಾಗಿ ಅಗೆದ ಇಳಿಜಾರಿನತ್ತ. ಮರುವರ್ಷ ವಿರಾಜಪೇಟೆ ಕಡೆಯ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಪ್ರತಿ ಸಲವೂ ಬೇರೆ ಜಾಗ.

ಹಾಗಾದರೆ ಅಪಾಯವನ್ನು ಅಳೆಯುವುದು ಹೇಗೆ? ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ಹೊರತಂದ ಭೂಕುಸಿತ ಅಟ್ಲಾಸ್ 147 ಜಿಲ್ಲೆಗಳಿಗೆ ಸ್ಥಾನ ಕೊಟ್ಟಿದೆ. ಮೊದಲನೆಯದು ಉತ್ತರಾಖಂಡದ ರುದ್ರಪ್ರಯಾಗ. ಕೊಡಗು 12ನೆಯದು, ಪಕ್ಕದ ವಯನಾಡು 13ನೆಯದು. ಗುಡ್ಡ ಎಷ್ಟು ಕುಸಿದಿದೆ ಎಂಬುದರ ಜತೆಗೆ ಅಲ್ಲಿ ಎಷ್ಟು ಜನ, ಮನೆ, ರಸ್ತೆ, ದನಕರುಗಳಿವೆ ಎಂಬುದನ್ನೂ ಈ ಲೆಕ್ಕಕ್ಕೆ ಹಿಡಿದಿದ್ದಾರೆ. ಅದು ಸರಿಯಾದ ದಾರಿ. ಯಾರೂ ಇಲ್ಲದ ಕಾಡಿನಲ್ಲಿ ಗುಡ್ಡ ಜಾರಿದರೆ ಅದು ನಿಸರ್ಗದ ಪಾಡು; ತೋಟದ ಕಾರ್ಮಿಕರ ಲೈನ್ ಮನೆಗಳ ಮೇಲೆ ಜಾರಿದರೆ ವಿಪತ್ತು. ಪಟ್ಟಿ ಬಂದ ಮರುವರ್ಷ, 2024ರ ಜುಲೈ 30ರಂದು, ವಯನಾಡಿನ ಮುಂಡಕ್ಕೈ–ಚೂರಲ್‌ಮಲದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು.

ಜಿಲ್ಲೆಯ ಸ್ಥಾನ ತಿಳಿದರೂ ಊರಿನ ಸ್ಥಿತಿ ತಿಳಿಯುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶದ ಗುಡ್ಡಗಾಡುಗಳಿಗೆ ಸಿದ್ಧಪಡಿಸಿದ ಭೂಕುಸಿತ ಸಾಧ್ಯತಾ ನಕ್ಷೆಗಳು 1:50,000 ಪ್ರಮಾಣದವು. ಅಂದರೆ ಅಲ್ಲಿಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ಬೆಟ್ಟಸಾಲು ಸಡಿಲ ಎಂದು ತಿಳಿಯಲು ಅದು ಸಾಕು. ಆದರೆ ಮನೆಯ ಹಿಂದೆ ಜೆಸಿಬಿ ಕಡಿದು ನಿಲ್ಲಿಸಿದ ಇಪ್ಪತ್ತು ಅಡಿಯ ಬರೆ ಅದರಲ್ಲಿ ಮೂಡುವುದಿಲ್ಲ. ಮುಚ್ಚಿಹೋದ ತೋಡೂ ಕಾಣದು, ಹೋಂಸ್ಟೇಗೆಂದು ಮಟ್ಟ ಮಾಡಿದ ಇಳಿಜಾರೂ ಕಾಣದು.

ಇವೆಲ್ಲ ಕಾಣುವುದು ನಡೆದು ನೋಡಿದವರಿಗೆ. ತೋಟದ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದೆಯೇ? ಸಿಲ್ವರ್ ಓಕ್ ಮರಗಳು ಒಂದೇ ಕಡೆಗೆ ವಾಲಿವೆಯೇ? ನಿನ್ನೆವರೆಗೆ ಮುಚ್ಚುತ್ತಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ? ತಿಳಿಯಾಗಿದ್ದ ಒರತೆ ಕೆಂಪಾಗಿದೆಯೇ, ಅಥವಾ ಇದ್ದಕ್ಕಿದ್ದಂತೆ ನಿಂತಿದೆಯೇ? ನೀರು ಕುಡಿದು ಭಾರವಾದ ಮಣ್ಣು ಕೆಳಗಿನ ಬಂಡೆಯ ಹಿಡಿತ ಬಿಡುವ ಮುನ್ನ ಕೊಡುವ ಸೂಚನೆಗಳಿವು. ತೋಟದ ಕಾರ್ಮಿಕರು ಇವನ್ನು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಅವರನ್ನು ಕೇಳುವವರು ಕಡಿಮೆ.

ಗುಡ್ಡದ್ದು ಒಂದು ಲೆಕ್ಕವಾದರೆ ಹೊಳೆಯದ್ದು ಇನ್ನೊಂದು. ಕಾವೇರಿ ದಂಡೆಯ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ನೀರು ಎಲ್ಲಿವರೆಗೆ ಏರುತ್ತದೆಂದು ಅಲ್ಲಿಯವರಿಗೆ ಗೊತ್ತು. ಅಲ್ಲಿ ಕೊರತೆಯಿರುವುದು ಅರಿವಿಗಲ್ಲ, ಸುರಕ್ಷಿತ ಜಾಗದಲ್ಲಿ ನಿವೇಶನಕ್ಕೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು. ಅದು ಕಚೇರಿಯ ಕಡತದಿಂದ ಗ್ರಾಮಸಭೆಗೆ ಇಳಿಯಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಪಂಚಾಯಿತಿಯವರು, ಒಬ್ಬ ಭೂವಿಜ್ಞಾನಿ, ಊರಿನ ಹಿರಿಯರು, ಲೈನ್ ಮನೆಯವರು ಒಟ್ಟಿಗೆ ವಾರ್ಡು ಸುತ್ತಲಿ. ಯಾವ ಬರೆಯ ಕೆಳಗೆ ಎಷ್ಟು ಮನೆ, ಎದ್ದು ನಡೆಯಲಾಗದವರು ಯಾರು, ರಾತ್ರಿ ಹೊರಟರೆ ಯಾವ ದಾರಿ, ಎಷ್ಟು ಇಂಚು ಮಳೆಯಾದರೆ ಮನೆ ಬಿಡಬೇಕು ಎಂಬುದನ್ನು ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ. ಬೆಳೆಗಾರರ ಮಳೆ ಪುಸ್ತಕಗಳೂ ಆ ಲೆಕ್ಕಕ್ಕೆ ಬರಲಿ. ಬರೆ ಕಡಿಯಲು ಅನುಮತಿ ಕೊಡುವವರು ಆ ಗೋಡೆಯನ್ನು ಓದಿದ ಮೇಲೆಯೇ ಸಹಿ ಹಾಕಲಿ.